ಖಲೀಫಾ ಸಿಟಿಯಲ್ಲಿ ಕಲಿತ ಇನುಯಿಟ್ ಕುಶಲೋಪರಿ

ಖಲೀಫಾ ಸಿಟಿ, ಮೊದಲ ವಾರ

ಅಬುಧಾಬಿಗೆ ಹೊರಟಾಗ ನನ್ನನ್ನು ಹೆದರಿಸಿದ್ದು ನನ್ನ ಇಂಗ್ಲಿಷು. ಕಾರ್ಕಳದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ. ಯಾರಾದರೂ ಎದುರು ನಿಂತು ಮಾತಾಡಿಸಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಹಿಂದಿಯಂತೂ ಟೀವಿಯಲ್ಲಿ ಕೇಳಿದ್ದಷ್ಟೇ. ತಂಗಿ ಸುಜಾತ ಅಲ್ಲಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ಹನ್ನೊಂದು ವರ್ಷದಿಂದ ಕರೆಯುತ್ತಿದ್ದಳು. ಪ್ರತಿಸಲ ಏನಾದರೊಂದು ನೆವ ಹೇಳಿ ತಪ್ಪಿಸಿಕೊಂಡಿದ್ದೆ. ನಿವೃತ್ತಿಯಾದ ಮೇಲೆ ನೆವಗಳು ಮುಗಿದವು.

“ಎಂತ ಹೆದರುದು ಮಾರಾಯ್ತಿ? ಇಲ್ಲಿ ಎಲ್ಲರದ್ದೂ ಅರೆಬರೆ ಇಂಗ್ಲಿಷೇ. ಯಾರೂ ಮಾರ್ಕ್ಸ್ ಕೊಡುದಿಲ್ಲ,” ಎಂದು ಸುಜಾತ ವಿಮಾನ ನಿಲ್ದಾಣದಿಂದ ಕಾರು ಓಡಿಸುತ್ತಲೇ ನಕ್ಕಳು.

ಅವಳಿರುವುದು ಖಲೀಫಾ ಸಿಟಿಯ ದೊಡ್ಡ ವಿಲ್ಲಾವೊಂದರ ಹಿಂಭಾಗದಲ್ಲಿ. ಒಂದೇ ವಿಲ್ಲಾವನ್ನು ನಾಲ್ಕು ಮನೆಯಾಗಿ ಪಾರ್ಟಿಶನ್ ಮಾಡಿದ್ದರು. ನಡುವೆ ಎಲ್ಲರಿಗೂ ಸೇರಿದ ಅಂಗಳ, ಅಂಗಳದಲ್ಲಿ ಒಂದು ಬೇವಿನ ಮರ, ಅದರಡಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಸುಜಾತನ ಗಂಡನಿಗೆ ದೂರದ ರುವೈಸ್‌ನಲ್ಲಿ ಕೆಲಸ, ವಾರಕ್ಕೊಮ್ಮೆ ಬರುವವನು. ಅವಳು ಡ್ಯೂಟಿಗೆ ಹೋದರೆ ಹಗಲಿಡೀ ಮನೆಯಲ್ಲಿ ನಾನೊಬ್ಬಳೇ.

ಮೂರನೇ ದಿನ ಬೆಳಿಗ್ಗೆ ಬೇವಿನ ಮರದಡಿ ಒಬ್ಬ ಮುದುಕಿ ಕೂತಿದ್ದರು. ಗಿಡ್ಡ ದೇಹ, ಅಗಲ ಮುಖ, ಬೆಳ್ಳಿಯಂಥ ಕೂದಲಿನ ಎರಡು ಜಡೆ. ಜನವರಿ ತಿಂಗಳು, ನಾನು ಸ್ವೆಟರ್ ಹಾಕಿದ್ದೆ. ಅವರು ತೋಳಿಲ್ಲದ ತೆಳು ಗೌನು ತೊಟ್ಟು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಒಳಗೆ ಎರಡು ಸಲ ಹೇಳಿ ನೋಡಿಕೊಂಡು ಬಂದು “ಗುಡ್ ಮಾರ್ನಿಂಗ್” ಅಂದೆ. ಅವರು ಬರೀ ನಕ್ಕರು. “ಟೀ?” ಎಂದು ಕೇಳಿದೆ. ಎರಡೂ ಹುಬ್ಬು ಮೇಲೇರಿಸಿ ನನ್ನನ್ನೇ ನೋಡಿದರು. ಕೇಳಿಸಲಿಲ್ಲವೇನೋ ಎಂದು ಕೈಯಲ್ಲೇ ಲೋಟ ಹಿಡಿದಂತೆ ಮಾಡಿ “ಟೀ? ಚಹಾ?” ಅಂದೆ. ಮತ್ತೆ ಹುಬ್ಬು ಮೇಲೆ. ಮೂರನೇ ಸಲವೂ ಹಾಗೇ. ನನ್ನ ಉಚ್ಚಾರಕ್ಕೆ ಆಶ್ಚರ್ಯಪಡುತ್ತಿದ್ದಾರೆಂದು ಮುಖ ಸಣ್ಣದು ಮಾಡಿ ಒಳಗೆ ಬಂದುಬಿಟ್ಟೆ.

ಸಂಜೆ ಮುಂದಿನ ಮನೆಯ ರೂತ್ ಬಾಗಿಲು ತಟ್ಟಿದಳು. ಇಲ್ಲಿನ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಪಾಠ ಮಾಡುವ ಟೀಚರ್, ತುಂಬು ಗರ್ಭಿಣಿ. ಬೆಳಿಗ್ಗೆ ಕಂಡವರು ಅವಳ ತಾಯಿ ಮಿಯಾಲಿ. ಕೆನಡಾದ ಉತ್ತರ ತುದಿಯ ಬ್ಯಾಫಿನ್ ದ್ವೀಪದವರು, ಇನುಯಿಟ್ ಜನ. ಮಗಳ ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ಬಂದಿದ್ದರು. ಅವರಿಗೆ ತಮ್ಮ ಭಾಷೆ ಬಿಟ್ಟು ಬೇರೇನೂ ಬಾರದು.

“ಅಮ್ಮ ಬೆಳಿಗ್ಗೆಯಿಂದ ಟೀಗೆ ಕಾಯ್ತಾ ಇದ್ದಾಳೆ,” ಎಂದಳು ರೂತ್. ಅವಳ ಇಂಗ್ಲಿಷನ್ನು ಸುಜಾತ ನನಗೆ ಕನ್ನಡ ಮಾಡುತ್ತಿದ್ದಳು. “ಮೂರು ಸಲ ಹೌದು ಅಂದೆ, ಆಮೇಲೆ ಆಕೆ ಸಿಟ್ಟು ಮಾಡಿಕೊಂಡು ಹೋದಳು ಅಂತಾಳೆ.”

ಹುಬ್ಬೇರಿಸಿದರೆ ಅವರಲ್ಲಿ ಹೌದು. ಮೂಗು ಸುಕ್ಕು ಮಾಡಿದರೆ ಬೇಡ. ನಾವು ಹೌದಕ್ಕೂ ಅಲ್ಲಕ್ಕೂ ತಲೆಯನ್ನೇ ಅಲ್ಲಾಡಿಸುವುದನ್ನು ಕಂಡು ಮಿಯಾಲಿಗೂ ತಲೆ ಕೆಟ್ಟಿತ್ತಂತೆ. ನಾನು ಆಗಲೇ ಚಹಾ ಕುದಿಸಿ ಒಯ್ದೆ. ಮನಸ್ಸು ಹಗುರವಾಗಿತ್ತು. ಈ ಊರಿನಲ್ಲಿ ನನಗಿಂತ ಮಾತಿಗೆ ಬಡವರಾದವರು ಒಬ್ಬರಿದ್ದಾರಲ್ಲ ಎಂಬ ಸಮಾಧಾನ ಅದು. ಒಳ್ಳೆಯ ಗುಣವಲ್ಲ, ಆದರೂ ಹೇಳಿಬಿಡುತ್ತೇನೆ.

ಬೇವಿನ ಮರದಡಿ

ಆಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರೂ ಮರದಡಿ ಸೇರುತ್ತಿದ್ದೆವು. ಶಾಲೆಯಿಂದ ರಜೆ ಪಡೆದಿದ್ದ ರೂತ್ ಸ್ವಲ್ಪ ಹೊತ್ತು ಕೂತು ಪಾಠ ಹೇಳುತ್ತಿದ್ದಳು. ಅವಳ ಇಂಗ್ಲಿಷ್ ನಿಧಾನವಾದದ್ದು, ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿದ ಹಾಗೆ. ವಾರದೊಳಗೆ ಅದು ನನಗೆ ನೇರವಾಗಿಯೇ ಅರ್ಥವಾಗತೊಡಗಿತು.

ಮೊದಲ ಶಬ್ದ ಐಂಙಾಯ್. ಎದುರಾದಾಗ ಹೇಳುವುದು. “ಹಿಂದೆ ನಮ್ಮಲ್ಲಿ ಇದಕ್ಕೆಲ್ಲ ಶಬ್ದವೇ ಇರಲಿಲ್ಲ ಅಂತಾಳೆ ಅಮ್ಮ. ಬಂದವರು ನಕ್ಕರೆ ಸಾಕು, ಬಂದದ್ದು ಕಾಣ್ತದಲ್ಲ ಅಂತ,” ಎಂದಳು ರೂತ್.

ಎರಡನೆಯದು ಕನುಯಿಪ್ಪಿತ್, ಹೇಗಿದ್ದೀರಿ. ಅದಕ್ಕೆ ಉತ್ತರ ಕನುಯಿಂಙಿತ್ತುಂಗಾ. ಇದನ್ನು ನಾನು ಒಂದೇ ಸಲಕ್ಕೆ ಸರಿಯಾಗಿ ಹೇಳಿದಾಗ ತಾಯಿ ಮಗಳಿಬ್ಬರೂ ದಂಗಾದರು. ಅವರ ಊರಿಗೆ ಬರುವ ಬಿಳಿಯರಿಗೆ ಆ ‘ಙ’ ತಿಂಗಳಾದರೂ ಹೊರಡುವುದಿಲ್ಲವಂತೆ. ನನಗೆ ನಗು ಬಂತು. ಮೂವತ್ತೊಂದು ವರ್ಷ ವ್ಯಾಕರಣ ಪಾಠಕ್ಕೆಂದು ಬೋರ್ಡಿನ ಮೇಲೆ ಕ ಖ ಗ ಘ ಙ ಎಂದು ಬರೆದಿದ್ದೇನೆ. “ಟೀಚರ್, ಈ ಅಕ್ಷರದಲ್ಲಿ ಒಂದು ಪದ ಹೇಳಿ,” ಎಂದು ಮಕ್ಕಳು ಕೇಳಿದಾಗಲೆಲ್ಲ ಮಾತು ಮರೆಸಿ ‘ಚ’ಕ್ಕೆ ಹಾರಿದ್ದೇನೆ. ನಮ್ಮಲ್ಲಿ ಕೆಲಸವಿಲ್ಲದೆ ಕೂತ ಅಕ್ಷರ ಅಲ್ಲಿ ಹಿಮದ ನಡುವೆ ಬೆಳಗಿನಿಂದ ಸಂಜೆವರೆಗೆ ದುಡಿಯುತ್ತಿತ್ತು.

ಕನುಯಿಂಙಿತ್ತುಂಗಾ ಎಂದರೆ ‘ನನಗೇನೂ ಆಗಿಲ್ಲ’ ಎಂದರ್ಥ. ಚೆನ್ನಾಗಿದ್ದೇನೆ ಎಂದು ಹೆಚ್ಚುಗಾರಿಕೆ ಮಾಡುವುದಿಲ್ಲ. ಕೆಟ್ಟದ್ದೇನೂ ಇಲ್ಲ, ಅಷ್ಟೆ. ಹೊಗಳಿಕೆಯೂ ಅದೇ ಜಾತಿಯದು. ಯಾರಾದರೂ ಕೆಲಸವೊಂದನ್ನು ಚೆಂದ ಮಾಡಿದರೆ ಅಯುಂಙಿತ್ತುತಿತ್ ಅನ್ನುತ್ತಾರೆ. ‘ನಿನಗೆ ಆಗದೆ ಇಲ್ಲ’ ಎಂದು ಅದರ ಅರ್ಥ. ನನಗೆ ನನ್ನ ಅಪ್ಪ ನೆನಪಾದರು. ಎಸ್‌ಎಸ್‌ಎಲ್‌ಸಿಯಲ್ಲಿ ನಾನು ಶಾಲೆಗೇ ಮೊದಲು ಬಂದ ದಿನ ಅಪ್ಪ ಅಂಕಪಟ್ಟಿಯನ್ನು ಎರಡು ಸಲ ಓದಿ “ಪರವಾಗಿಲ್ಲ” ಅಂದಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಎಂದೂ ಬರಲಿಲ್ಲ. ಇದನ್ನು ಹೇಳಿದಾಗ ಮಿಯಾಲಿ ಹುಬ್ಬೇರಿಸಿ, ಎದೆ ಮುಟ್ಟಿಕೊಂಡು ಏನೋ ಹೇಳಿದರು. ಅವರ ಅಪ್ಪನೂ ಹಾಗೆಯೇ ಇದ್ದರಂತೆ.

ಒಂದು ದಿನ ರೂತ್ ಸಂಕೋಚದಿಂದ ಕೇಳಿದಳು: “ನಿಮ್ಮ ತಂಗಿಗೂ ನಿಮಗೂ ಏನಾದರೂ ಜಗಳವಾ?”

“ಇಲ್ಲವಲ್ಲ!”

“ಅಮ್ಮನಿಗೆ ಬೇಜಾರಾಗಿದೆ. ಆಕೆ ಮನೆಯಲ್ಲಿದ್ದಷ್ಟು ಹೊತ್ತೂ ನಿಮ್ಮ ಮೇಲೆ ‘ಅಕ್ಕಾ, ಅಕ್ಕಾ’ ಅಂತ ಕೂಗ್ತಾರಂತೆ. ನಮ್ಮಲ್ಲಿ ಆಕ್ಕಾ ಅಂದರೆ ‘ಇಲ್ಲ, ಬೇಡ’.”

ಅಂದು ಸಂಜೆ ಸುಜಾತನಿಗೆ ಇದನ್ನು ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕ ಅಂದರೆ ಹಿರಿಯ ಸಹೋದರಿ ಎಂದು ರೂತ್ ತಾಯಿಗೆ ವಿವರಿಸಿದಳು. ಮಿಯಾಲಿ ನಂಬಿದರು, ಆದರೂ ಸುಜಾತ ಕರೆದಾಗಲೆಲ್ಲ ಅವರು ಥಟ್ಟನೆ ತಲೆಯೆತ್ತಿ ನೋಡುವುದನ್ನು ನಾನು ಗಮನಿಸಿದ್ದೆ.

ಬನಿಯಾಸ್

ಸುಜಾತನ ರಜೆಯ ದಿನ ಮೀನು ತರಲು ಬನಿಯಾಸ್‌ಗೆ ಹೋದೆವು. ಮಿಯಾಲಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ. ಮೀನಂಗಡಿಯಲ್ಲಿ ಅವರ ನಡಿಗೆಯೇ ಬದಲಾಯಿತು. ನಮ್ಮ ಮಲ್ಪೆಯ ಹೆಂಗಸರಂತೆ ಕಿವಿರು ಎತ್ತಿ ನೋಡಿದರು, ಬೆನ್ನು ಒತ್ತಿ ನೋಡಿದರು, ಎರಡು ರಾಶಿಗೆ ಮೂಗು ಸುಕ್ಕು ಮಾಡಿ ಮುಂದೆ ಹೋದರು. ಅಂಗಡಿಯ ಮಲಬಾರಿ ಕಾಕಾ “ಯಲ್ಲಾ, ಅಮ್ಮಚ್ಚಿಗೆ ಒಳ್ಳೆದೇ ಕೊಡುವ,” ಎಂದು ಮಂಜುಗಡ್ಡೆಯ ಅಡಿಯಿಂದ ಹೊಸ ಬಂಗುಡೆ ತೆಗೆದರು.

ಮನೆಗೆ ಬಂದು ನಾನು ಕತ್ತಿ ಹುಡುಕುತ್ತಿದ್ದಾಗ ಮಿಯಾಲಿ ತಮ್ಮದೇ ಒಂದನ್ನು ತಂದರು. ಅರ್ಧಚಂದ್ರದ ಅಲಗು, ಮೇಲೆ ಮೂಳೆಯ ಹಿಡಿ. ಅದಕ್ಕೆ ಉಲು ಎನ್ನುತ್ತಾರೆ, ಹೆಂಗಸರದ್ದೇ ಕತ್ತಿ, ತಾಯಿಯಿಂದ ಮಗಳಿಗೆ ಹೋಗುವಂಥದ್ದು. ನಾವು ಮೆಟ್ಟುಕತ್ತಿಯ ಮುಂದೆ ಕೂತು ಮೀನನ್ನು ಅಲಗಿಗೆ ಒತ್ತುತ್ತೇವೆ. ಅವರು ಅಲಗನ್ನು ಮೀನಿನ ಮೇಲೆ ತೂಗುತ್ತಾರೆ. ಒಂದು ಬಂಗುಡೆಯನ್ನು ಮುಳ್ಳು ಬಿಡಿಸಿ ತೆಳ್ಳಗೆ ಸೀಳಿದರು. ನಾನು “ಅಯುಂಙಿತ್ತುತಿತ್!” ಎಂದೆ. ಅವರು ಸಂತೋಷದಿಂದ ಒಂದು ತುಂಡು ಎತ್ತಿ, ನಾನು ನೋಡುತ್ತಿದ್ದಂತೆಯೇ, ಹಸಿಯಾಗಿ ಬಾಯಿಗೆ ಹಾಕಿಕೊಂಡರು.

“ಮಮಕ್ತುಕ್!” ಎಂದು ಕಣ್ಣು ಮುಚ್ಚಿದರು. ರುಚಿಯಾಗಿದೆ ಎಂದರ್ಥ. ಇನ್ನೊಂದು ತುಂಡು ನನ್ನ ಮುಂದೆ ಹಿಡಿದರು. ಕಡಲತೀರದಲ್ಲಿ ಹುಟ್ಟಿ ಅರವತ್ತೊಂದು ವರ್ಷ ಮೀನು ತಿಂದ ನನಗೆ ಹಸಿ ಮೀನು ತಿನ್ನುವ ಧೈರ್ಯ ಬರಲಿಲ್ಲ. ಮೂಗು ಸುಕ್ಕು ಮಾಡಿದೆ. ಅವರು ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನ ನನ್ನ ಪುಳಿಮುಂಚಿ ಸಾರಿನ ಖಾರಕ್ಕೆ ಅವರ ಕಣ್ಣಲ್ಲಿ ನೀರು ಸುರಿದಾಗ ಲೆಕ್ಕ ಚುಕ್ತಾ ಆಯಿತು. ಆದರೂ ತಟ್ಟೆ ಒರೆಸಿ ತಿಂದು, ಸುರಿಯುವ ಮೂಗು ಒರೆಸಿಕೊಳ್ಳುತ್ತ, “ಮಮಕ್ತುಕ್” ಎಂದರು.

ಆ ರಾತ್ರಿ ನಾನು ನೋಟುಪುಸ್ತಕದಲ್ಲಿ ಮೂರು ಪ್ರತ್ಯಯ ಬರೆದುಕೊಂಡೆ. ಕೊನೆಗೆ ತುಂಗಾ ಬಂದರೆ ನಾನು, ತುತಿತ್ ಬಂದರೆ ನೀನು, ತುಕ್ ಬಂದರೆ ಅವನು, ಅವಳು, ಅದು. ವ್ಯಾಕರಣ ಕಲಿಸಿದವಳ ಚಟ, ಅಷ್ಟೆ. ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ.

ಊದ್ ಮೇಥಾ

ಮುಂದಿನ ಭಾನುವಾರ ದುಬೈಯ ಊದ್ ಮೇಥಾದಲ್ಲಿ ಕನ್ನಡಿಗರ ಒಂದು ಸಣ್ಣ ಸೇರುವಿಕೆ. ಊರಿಂದ ಬಂದ ಟೀಚರೆಂದು ನನ್ನನ್ನೂ ಕರೆದಿದ್ದರು. ಹೆರಿಗೆಗೆ ಇನ್ನೂ ಮೂರು ವಾರವಿತ್ತು. “ಅಮ್ಮನನ್ನು ಕರ್ಕೊಂಡು ಹೋಗಿ. ಅವಳಿಗೂ ನಾಲ್ಕು ಜನ ಸಿಗಲಿ, ನಾನೂ ಸ್ವಲ್ಪ ಮಲಗ್ತೇನೆ,” ಎಂದಳು ರೂತ್. ಅವಳ ಗಂಡ ಸಮುದ್ರದ ನಡುವಿನ ಎಣ್ಣೆಬಾವಿಯಲ್ಲಿ ಪಾಳಿಯ ಮೇಲಿದ್ದ, ಬರುವುದು ಇನ್ನೂ ಐದು ದಿನಕ್ಕೆ.

ಸಭಾಂಗಣದಲ್ಲಿ ಕುಂದಾಪುರದವರು, ಮಂಗಳೂರಿನ ಕೊಂಕಣಿಯವರು, ಭಟ್ಕಳದ ನವಾಯತ ವ್ಯಾಪಾರಿಗಳು ಎಲ್ಲರೂ ಇದ್ದರು. ನಾನು ಮಕ್ಕಳನ್ನು ಕೂರಿಸಿಕೊಂಡು “ಊಟ ಆಯ್ತಾ?” ಎಂದು ಕೇಳಿದೆ. “ಯೆಸ್ ಆಂಟಿ,” ಎಂದವು. “ಎಂತ ತಿಂದ್ರಿ?” ಅಂದರೆ “ಬಿರಿಯಾನಿ ಅಂಡ್ ಐಸ್‌ಕ್ರೀಮ್.” ನಾನು ಕನ್ನಡದಲ್ಲಿ ಕೇಳುವುದು, ಅವು ಇಂಗ್ಲಿಷಿನಲ್ಲಿ ಉತ್ತರಿಸುವುದು, ಯಾರಿಗೂ ಏನೂ ಅಡ್ಡಿಯಾಗಲಿಲ್ಲ. ಮಿಯಾಲಿಯ ಸುತ್ತ ಹೆಂಗಸರು ನೆರೆದು ಜಡೆ ಮುಟ್ಟಿ ನೋಡುತ್ತಿದ್ದರು. ಒಬ್ಬಾಕೆ ಮಲ್ಲಿಗೆ ಮುಡಿಸಿದಳು.

ಊಟ ಮುಗಿಯುವಷ್ಟರಲ್ಲಿ ಸುಜಾತನ ಫೋನ್ ರಿಂಗಾಯಿತು. ಅವಳ ಮುಖ ನೋಡಿಯೇ ನಾನು ಎದ್ದು ನಿಂತೆ.

“ರೂತ್‌ಗೆ ಬ್ಲೀಡಿಂಗ್ ಆಗ್ತಾ ಉಂಟಂತೆ. ಆ್ಯಂಬುಲೆನ್ಸ್‌ನಲ್ಲಿದ್ದಾಳೆ. ಅಮ್ಮನಿಗೆ ಕೊಡು ಅಂತಾಳೆ.”

ಮಿಯಾಲಿ ಫೋನನ್ನು ಕಿವಿಗೊತ್ತಿಕೊಂಡರು. ಆ ಕಡೆಯಿಂದ ಮೂರು ನಾಲ್ಕು ಮಾತು. ಇವರು “ಈ, ಈ” ಎಂದರು. ಹೌದು, ಹೌದು. ಆಮೇಲೆ ಫೋನ್ ಸುಮ್ಮನಾಯಿತು. ಅವರು ಅದನ್ನು ಇನ್ನೂ ಸ್ವಲ್ಪ ಹೊತ್ತು ಕಿವಿಯಲ್ಲೇ ಹಿಡಿದುಕೊಂಡಿದ್ದರು.

ದುಬೈಯಿಂದ ಅಬುಧಾಬಿಗೆ ಒಂದೂಕಾಲು ಗಂಟೆಯ ದಾರಿ. ಬಾಣ ಬಿಟ್ಟಂಥ ರಸ್ತೆ, ಎರಡೂ ಕಡೆ ಮರಳು. ಸುಜಾತ ಸ್ಟೀರಿಂಗಿಗೆ ಬಾಗಿ ಓಡಿಸುತ್ತಿದ್ದಳು. ಹಿಂದೆ ಮಿಯಾಲಿ ನನ್ನ ಕೈ ಹಿಡಿದು ಕೂತಿದ್ದರು. ಈ ಇಡೀ ದೇಶದಲ್ಲಿ ನಮಗೆ ತಿಳಿದಂತೆ ಅವರ ಭಾಷೆ ಬಲ್ಲ ಒಬ್ಬಳೇ ಒಬ್ಬಳು ಆ್ಯಂಬುಲೆನ್ಸ್‌ನಿಂದ ನೇರ ಆಪರೇಷನ್ ಥಿಯೇಟರಿಗೆ ಹೋಗಿದ್ದಳು. ಫೋನಿನಲ್ಲೇ ಅನುವಾದ ಮಾಡಬಹುದಿತ್ತೆಂದು ಆಮೇಲೆ ಯಾರೋ ಹೇಳಿದರು. ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಅವರು ಒಂದು ಸಲ ನನ್ನ ಕಡೆ ತಿರುಗಿ ಉದ್ದವಾಗಿ ಏನೋ ಕೇಳಿದರು. ರೂತ್ ಎಂಬ ಹೆಸರೊಂದೇ ತಿಳಿಯಿತು. ಅವರ ಜಡೆಯಿಂದ ಜಾರುತ್ತಿದ್ದ ಮಲ್ಲಿಗೆಯನ್ನು ಮತ್ತೆ ಸಿಕ್ಕಿಸಿದೆ. ಅಷ್ಟೇ ನನ್ನಿಂದಾದದ್ದು.

ಆಸ್ಪತ್ರೆ

ರೂತ್‌ಳನ್ನು ಕರೆತಂದದ್ದು ಸುಜಾತನದೇ ಆಸ್ಪತ್ರೆಗೆ. ಅವಳು ಗುರುತಿನ ಕಾರ್ಡು ತೋರಿಸಿ ಒಳಗೆ ಓಡಿದಳು. ನಾವಿಬ್ಬರೂ ಉದ್ದನೆಯ ಕಾರಿಡಾರಿನ ಈ ತುದಿಯಲ್ಲಿ ಕೂತೆವು. ನಾಲ್ಕು ಗಂಟೆಯ ಬಿಸಿಲು ಗಾಜಿನಿಂದ ಒಳಗೆ ಬಿದ್ದಿತ್ತು. ಎದುರಿನ ಸಾಲಿನಲ್ಲಿ ಕಂದೂರ ಎಂಬ ಉದ್ದನೆಯ ಬಿಳಿ ನಿಲುವಂಗಿ ತೊಟ್ಟ ಅರಬ್ ಹಿರಿಯರೊಬ್ಬರು ಜಪಮಣಿ ಎಣಿಸುತ್ತಿದ್ದರು. ಮಿಯಾಲಿ ಅಳಲಿಲ್ಲ. ಬಾಗಿಲಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ನಾನು ನನಗೆ ಗೊತ್ತಿದ್ದ ದೇವರ ಹೆಸರುಗಳನ್ನೆಲ್ಲ ಹೇಳಿ ಮುಗಿಸಿ ಮತ್ತೆ ಮೊದಲಿಂದ ಶುರುಮಾಡಿದ್ದೆ.

ಬಾಗಿಲು ತೆರೆಯಿತು. ಸುಜಾತ ಹಸಿರು ಗೌನಿನಲ್ಲೇ ಓಡಿ ಬರುತ್ತ, ಅರ್ಧ ದಾರಿಯಿಂದಲೇ ಕೂಗಿದಳು:

“ಅಕ್ಕಾ! ಅಕ್ಕಾ!”

ಮಿಯಾಲಿಯ ಮುಖದ ಬಣ್ಣವೇ ಇಳಿಯಿತು. ಎದ್ದು ನಿಲ್ಲಲು ಹೋದವರು ಮತ್ತೆ ಕುರ್ಚಿಗೆ ಕುಸಿದರು. ಆ ಶಬ್ದಕ್ಕೆ ನಮ್ಮಲ್ಲಿ ಏನರ್ಥ ಎಂದು ಅವರಿಗೆ ಗೊತ್ತಿತ್ತು. ಆದರೆ ಅಂಥ ಹೊತ್ತಿನಲ್ಲಿ ಯಾರ ಕಿವಿಯಾದರೂ ತನ್ನ ಭಾಷೆಯನ್ನೇ ಕೇಳುತ್ತದೆ. ಮಗಳ ಬಾಗಿಲಿಂದ ಓಡಿ ಬಂದ ಹೆಂಗಸು ‘ಇಲ್ಲ, ಇಲ್ಲ’ ಎಂದು ಕೂಗಿದ್ದು ಅವರಿಗೆ ಕೇಳಿಸಿತ್ತು.

“ಇಬ್ರೂ ಆರಾಮ ಮಾರಾಯ್ತಿ! ಸಿಸೇರಿಯನ್ ಆಯ್ತು. ಹೆಣ್ಣು ಮಗು. ರೂತ್‌ಗೆ ಎಂತ ತೊಂದರೆ ಇಲ್ಲ,” ಎಂದು ಸುಜಾತ ಏದುಸಿರಿನಲ್ಲಿ ಹೇಳುತ್ತಿದ್ದಳು. ಅದು ಕನ್ನಡ. ಮಿಯಾಲಿಗೆ ಅದರಲ್ಲೇನಿದೆ?

ನಾನು ಅವರ ಮುಂದೆ ನೆಲದ ಮೇಲೆ ಕೂತು ಎರಡೂ ಕೈ ಹಿಡಿದುಕೊಂಡೆ. ತಲೆಯಲ್ಲಿ ಶಬ್ದಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ತುಂಗಾ ಅಲ್ಲ, ಅದು ನಾನು. ತುತಿತ್ ಅಲ್ಲ, ಅದು ನೀನು. ಮೀನು ತಿಂದಾಗ ಏನಂದಿದ್ದರು?

“ರೂತ್ ಕನುಯಿಂಙಿತ್ತುಕ್,” ಎಂದೆ.

ಅವರು ನನ್ನ ತುಟಿಗಳನ್ನೇ ನೋಡಿದರು.

“ರೂತ್ ಕನುಯಿಂಙಿತ್ತುಕ್,” ಮತ್ತೆ ಹೇಳಿದೆ, ಒಂದನೇ ತರಗತಿಗೆ ಓದಿಸಿದಂತೆ ಬಿಡಿಸಿ ಬಿಡಿಸಿ. ರೂತ್‌ಗೆ ಏನೂ ಆಗಿಲ್ಲ. ಆಮೇಲೆ ಎರಡು ಕೈಯಲ್ಲಿ ಮಗು ತೂಗಿದಂತೆ ಮಾಡಿ ಅದನ್ನೇ ಹೇಳಿದೆ. “ಕನುಯಿಂಙಿತ್ತುಕ್.”

ಅವರ ಹುಬ್ಬುಗಳು ನಿಧಾನವಾಗಿ ಮೇಲೇರಿದವು, ಹೌದಾ ಎಂದು ಕೇಳುವಂತೆ. ನಾನೂ ಹುಬ್ಬೇರಿಸಿದೆ. ಹೌದು. ಆಗ ಅವರಿಂದ ಹೊರಟ ಉಸಿರು ನನ್ನ ಹಣೆಗೆ ತಗಲಿತು. ಬಾಗಿ ನನ್ನ ಕೆನ್ನೆಗೆ ಮೂಗು ಒತ್ತಿ ಗಾಢವಾಗಿ ಉಸಿರೆಳೆದುಕೊಂಡರು. ಅವರಲ್ಲಿ ಮುತ್ತು ಅಂದರೆ ಅದು. ನಂತರ ಅತ್ತರು. ನಾನೂ ಅತ್ತೆ. ಸುಜಾತ ಗೋಡೆಗೊರಗಿ ನಿಂತು ಅಳುತ್ತ ನಗುತ್ತ, “ಇನ್ನು ನಿನ್ನನ್ನು ಹೆಸರು ಹಿಡಿದೇ ಕರೀತೇನೆ, ಖಲಾಸ್,” ಎಂದಳು.

ಅಷ್ಟರಲ್ಲಿ ಎದುರಿನ ಹಿರಿಯರನ್ನು ನೋಡಲು ಅವರ ಕಡೆಯವರೊಬ್ಬರು ಬಂದರು. ಹಿರಿಯರು ಎದ್ದು ನಿಂತರು; ಇಬ್ಬರೂ ಕೈ ಹಿಡಿದು, ಮೂಗಿಗೆ ಮೂಗು ತಾಗಿಸಿದರು, ಒಮ್ಮೆ, ಎರಡು ಸಲ. ಇಲ್ಲಿನವರ ನಮಸ್ಕಾರವೇ ಹಾಗೆ. ಮಿಯಾಲಿ ಕಣ್ಣೊರೆಸುತ್ತಿದ್ದವರು ಅಲ್ಲೇ ನಿಲ್ಲಿಸಿ, ಮೊಣಕೈಯಿಂದ ನನ್ನನ್ನು ತಿವಿದರು. ತಮ್ಮ ಮೂಗನ್ನು ಮುಟ್ಟಿ, ಆ ಇಬ್ಬರನ್ನು ತೋರಿಸಿ, ಜಗತ್ತಿನ ಇನ್ನೊಂದು ತುದಿಯಲ್ಲಿ ನೆಂಟರು ಸಿಕ್ಕಿದಂತೆ ನಕ್ಕರು. ಹಿರಿಯರು ತಿರುಗಿ ನೋಡಿದರು. ಸುಜಾತ ಮಗು ಹುಟ್ಟಿದ ಸುದ್ದಿಯನ್ನು ತನ್ನ ಹರಕು ಅರೇಬಿಕ್‌ನಲ್ಲಿ ಹೇಳಿದಳು. “ಮಬ್ರೂಕ್, ಮಬ್ರೂಕ್,” ಎಂದು ಅವರು ಎದೆಯ ಮೇಲೆ ಕೈಯಿಟ್ಟು ಮಿಯಾಲಿಗೆ ತಲೆಬಾಗಿದರು. ಶುಭಾಶಯ. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಮರುದಿನ ರೂತ್ ಹಾಸಿಗೆಯಲ್ಲಿ ಒರಗಿ ಕೂತು ನನಗೆ ಹೇಳಿದಳು: “ಅಮ್ಮ ಅಂತಾಳೆ, ನೀವು ಎರಡು ವರ್ಷದ ಮಗುವಿನ ಹಾಗೆ ಮಾತಾಡ್ತೀರಂತೆ. ಆದರೆ ತಪ್ಪಿರಲಿಲ್ಲವಂತೆ.”

ಮತ್ತೆ ಖಲೀಫಾ ಸಿಟಿ

ಮಗು ಮನೆಗೆ ಬಂದ ವಾರವೇ ನನ್ನ ಮರಳುವ ಟಿಕೆಟ್. ಹೊರಡುವ ಮುಂಚಿನ ಸಂಜೆ ನೋಡಲು ಹೋದೆ. ರೂತ್‌ಳ ಗಂಡ ಅಡುಗೆಮನೆಯಲ್ಲಿದ್ದ. ಮಿಯಾಲಿ ಮಗುವನ್ನು ಎತ್ತಿಕೊಂಡು “ಅನಾನಾ, ಅನಾನಾ” ಎಂದು ಮುದ್ದಾಡುತ್ತಿದ್ದರು. ಆ ಶಬ್ದದ ಅರ್ಥ ‘ಅಮ್ಮ’. ಮಗುವಿಗೆ ಮಿಯಾಲಿಯ ತೀರಿಹೋದ ತಾಯಿಯ ಹೆಸರಿಟ್ಟಿದ್ದರು: ನೌಯಾ, ಕಡಲಹಕ್ಕಿ. ಹೆಸರು ಬಂತೆಂದರೆ ಆ ನೆಂಟತನವೂ ಬಂದಂತೆ. ಹಾಗಾಗಿ ಎಪ್ಪತ್ತೆರಡರ ಮಿಯಾಲಿಗೆ ಹದಿಮೂರು ದಿನದ ಮಗು ತಾಯಿ, ರೂತ್‌ಗೆ ಅಜ್ಜಿ.

“ನಿಮ್ಮಿಂದ ಒಂದು ಬಾಕಿ ಇದೆ,” ಎಂದಳು ರೂತ್. ಅವರಲ್ಲಿ ಮಗುವಿಗೆ ಹತ್ತಿರದವರೆಲ್ಲ ಒಬ್ಬೊಬ್ಬರೂ ಒಂದೊಂದು ಮುದ್ದುಮಾತು ಕಟ್ಟುತ್ತಾರೆ. ಅಕಾಉಸಿಕ್ ಎಂದು ಅದರ ಹೆಸರು. ಹಾಡಿನಂತೆ ಎರಡು ಸಾಲು, ಮಗುವಿನ ಮೂಗನ್ನೋ ಪಾದವನ್ನೋ ಹೊಗಳುವುದು. ಒಬ್ಬರದ್ದನ್ನು ಇನ್ನೊಬ್ಬರು ಹೇಳುವುದಿಲ್ಲ. ಮಗು ಬೆಳೆದಂತೆ ಆ ಮಾತಿನಿಂದಲೇ ಯಾರು ಬಂದರೆಂದು ತಿಳಿಯುತ್ತದೆ.

“ನನಗೆ ನಿಮ್ಮ ಭಾಷೆ ಅಷ್ಟು ಬರುವುದಿಲ್ಲ,” ಎಂದೆ.

“ನಿಮ್ಮದರಲ್ಲೇ ಹೇಳಿ. ನಿಮ್ಮದು ಅಂತ ಗೊತ್ತಾಗಬೇಕಲ್ಲ.”

ಮೂವತ್ತೊಂದು ವರ್ಷ ಮಕ್ಕಳಿಂದ ಪದ್ಯ ಬಾಯಿಪಾಠ ಮಾಡಿಸಿದ ಕನ್ನಡ ಟೀಚರಿಗೆ ಒಂದು ಸಾಲೂ ಬರಲಿಲ್ಲ. ಮಿಯಾಲಿ ಮಗುವನ್ನು ನನ್ನ ತೊಡೆಗೆ ಕೊಟ್ಟರು. ಬಟ್ಟೆಯೊಳಗಿಂದ ಒಂದು ಪಾದ ಹೊರಗೆ ಬಂತು, ಹುಣಿಸೆ ಬೀಜದಷ್ಟು ಪುಟ್ಟ ಬೆರಳುಗಳು. ಅದನ್ನು ಹಿಡಿದು ಬಾಯಿಗೆ ಬಂದದ್ದನ್ನು ರಾಗವೆಳೆದು ಹೇಳಿದೆ:

“ಪುಟ್ಟಮ್ಮನ ಪಾದ ನೋಡು, ಪಾದದಾಗೆ ಬೆರಳು ನೋಡು,
ಬಾರೆ ನನ್ನ ಕಡಲಹಕ್ಕಿ, ಹಾರಿ ಬಾರೆ ಮನೆಗೆ.”

ಮಗು ಆಕಳಿಸಿತು. ಮಿಯಾಲಿ ಇನ್ನೊಮ್ಮೆ ಹೇಳಲು ಕೈಸನ್ನೆ ಮಾಡಿದರು. ಹೊರಡುವವರೆಗೆ ಏಳೆಂಟು ಸಲ ಹೇಳಿರಬೇಕು.

ಊರಿಗೆ ಬಂದ ಮೇಲೂ ರೂತ್ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಪ್ರತಿಸಲವೂ ಮೊದಲು ಮಗುವಿನ ಕಿವಿಗೆ ಫೋನ್, ನನ್ನ ಎರಡು ಸಾಲು, ಆಮೇಲೆ ನಮ್ಮ ಮಾತು. ಬೇಸಿಗೆ ರಜೆಗೆ ಅವರೆಲ್ಲ ಬ್ಯಾಫಿನ್‌ಗೆ ಹೋದರು. ಮೊನ್ನೆ ಅಲ್ಲಿಂದ ವಿಡಿಯೊ ಕಾಲ್ ಬಂತು. ಮಗುವಿಗೆ ಆಗಲೇ ಆರು ತಿಂಗಳು; ಕಿಟಕಿಯ ಹತ್ತಿರ ಚಾಪೆಯ ಮೇಲೆ ಬೋರಲು ಮಲಗಿ ಒಂದು ಚಮಚ ಬಡಿಯುತ್ತಿತ್ತು. ಕೋಣೆಯ ತುಂಬ ನೆಂಟರು, ಗದ್ದಲ. ರೂತ್ ಫೋನನ್ನು ಮಗುವಿನ ಬೆನ್ನ ಹಿಂದೆ ಹಿಡಿದು “ಹೇಳಿ,” ಎಂದಳು.

ನಾನು ಕಾರ್ಕಳದ ಜಗಲಿಯಲ್ಲಿ ಕೂತು ನನ್ನ ಎರಡು ಸಾಲು ಹೇಳಿದೆ. ಮಗು ಚಮಚ ಬಡಿಯುವುದನ್ನು ನಿಲ್ಲಿಸಿತು. ತಲೆಯೆತ್ತಿ ಮೊದಲು ಬಾಗಿಲಿನ ಕಡೆ ನೋಡಿತು, ನಾನು ಬಂದೆನೇನೋ ಎಂದು.